ತಿಮ್ಮಪ್ಪನ ಹಾಕಿ

ಮೊನ್ನೆ ಶುಕ್ರವಾರ ಹೆಂಡತಿಗೆ ಚಪ್ಪಲಿ ಕೊಳ್ಳಲೆಂದು ಮಾಲ್‌ಗೆ ಹೋಗಿದ್ದೆವು. ದೋಹಾದ ಬೇಸಿಗೆಯಲ್ಲಿ ನಮ್ಮಂಥವರಿಗೆ ಅಂಗಡಿಯೂ ಅದೇ, ವಾಯುವಿಹಾರವೂ ಅದೇ. ಕೆಳಗಿನ ಮಹಡಿಯಲ್ಲಿ ಐಸ್ ಮೇಲೆ ಜಾರುವ ರಿಂಕ್ ಒಂದಿದೆ. ಅದರ ಕಟಕಟೆಯ ಹತ್ತಿರ ಬಂದಾಗ ಒದ್ದೆ ರಬ್ಬರ್, ಬೆವರು ಹೀರಿದ ಚರ್ಮ, ತಣ್ಣನೆಯ ಗಾಳಿ ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಬಡಿಯಿತು. ನಾನು ನಿಂತುಬಿಟ್ಟೆ. ಮುಂದೆ ಹೋಗಿದ್ದ ಹೆಂಡತಿ ತಿರುಗಿ ನೋಡಿದಳು. "ಬನ್ನಿ ಮಾರಾಯ್ರೆ, ಇಲ್ಲಿ ನಿಲ್ಲುವುದು ಬೇಡ" ಎಂದಳು. ಚಪ್ಪಲಿ ಕೊಳ್ಳದೆಯೇ ಮನೆಗೆ ಬಂದೆವು.

ಆ ವಾಸನೆ ಮೊದಲ ಸಲ ನಮ್ಮ ಮನೆಗೆ ಬಂದದ್ದು ಗೋಡೆ ಹಾರಿ. ಮುಐದರ್‌ ಬಡಾವಣೆಯ ಒಂದು ದೊಡ್ಡ ವಿಲ್ಲಾವನ್ನು ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಅದರಲ್ಲೊಂದು ತುಂಡು ನಮ್ಮದು. ಕೆಲವು ವರ್ಷಗಳ ಹಿಂದೆ ಪಕ್ಕದ ತುಂಡಿಗೆ ಒಂದು ರಷ್ಯನ್ ಸಂಸಾರ ಬಂತು. ಯಜಮಾನ ಗೆನ್ನಾದಿ ನನ್ನಂತೆಯೇ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಕಂಟ್ರಾಕ್ಟ್ ಮೇಲಿದ್ದವನು. ಅವನು ಕಂಪ್ರೆಸರ್ ಬಿಚ್ಚಿ ಕಟ್ಟುತ್ತಿದ್ದ. ನನ್ನದು ಅವನು ಯಾವಾಗ ಬಿಚ್ಚಬೇಕೆಂದು ತಾರೀಕು ಹಾಕುವ ಕುರ್ಚಿ ಕೆಲಸ. ಹೆಂಡತಿ ಮರೀನಾ. ಒಬ್ಬನೇ ಮಗ ತಿಮೋಫೇ, ಹದಿನೇಳು ತುಂಬಿದವನು, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರ. ಮನೆಯವರು ತೀಮ ಎಂದು ಕರೆಯುತ್ತಿದ್ದರು. ನನ್ನ ಹೆಂಡತಿ ಅದನ್ನು ತಿಮ್ಮಪ್ಪ ಎಂದು ಸರಿಪಡಿಸಿದಳು. ಅವನು ಅದಕ್ಕೂ ಓಗೊಟ್ಟ.

ಮಗ ಹಾಕಿ ಆಡುತ್ತಾನೆ ಎಂದು ಗೆನ್ನಾದಿ ಹೇಳಿದಾಗ ನಾನು ಉತ್ಸಾಹದಿಂದ, "ನಮ್ಮ ಕಡೆ ಕೊಡಗಿನಲ್ಲಿ ಮನೆಮನೆಯಲ್ಲೂ ಹಾಕಿ ಆಡುತ್ತಾರೆ" ಎಂದೆ. ಹುಡುಗ ಕಣ್ಣರಳಿಸಿ, "ಅಲ್ಲಿ ಅಷ್ಟು ಐಸ್ ಇದೆಯಾ ಅಂಕಲ್?" ಎಂದು ಕೇಳಿದ. ಹುಲ್ಲಿನ ಮೇಲೆ ಆಡುತ್ತಾರೆ ಎಂದಾಗ ಅವನ ಮುಖದಲ್ಲಿ ಮೂಡಿದ ಕನಿಕರ ಇನ್ನೂ ನೆನಪಿದೆ. ಮಲ್ಪೆಯಲ್ಲಿ ಹುಟ್ಟಿದ ನನಗಾದರೋ ಐಸ್ ಎಂದರೆ ಬಂಗುಡೆಯ ಬುಟ್ಟಿಗೆ ಸುರಿಯುವ ಪುಡಿ. ಅದರ ಮೇಲೆ ನಿಂತು ಒಬ್ಬ ಮನುಷ್ಯ ಹೆಸರು ಮಾಡಬಹುದು ಎಂದು ನಂಬಲು ಸ್ವಲ್ಪ ಸಮಯ ಹಿಡಿಯಿತು.

ಬೆಳಿಗ್ಗೆ ಜನ ಬರುವ ಮೊದಲೇ ತೀಮ ಮಾಲ್‌ನ ಆ ರಿಂಕ್‌ನಲ್ಲಿ ಅಭ್ಯಾಸ ಮುಗಿಸಿ ಬರುತ್ತಿದ್ದ. ಬಂದವನೇ ಕೈಗವಸು, ಪ್ಯಾಡು, ಬೂಟು ಎಲ್ಲವನ್ನೂ ನಡುಗೋಡೆಯ ಮೇಲೆ ಬಿಸಿಲಿಗೆ ಹರಡುತ್ತಿದ್ದ. ಅದುವರೆಗೆ ನನ್ನ ಹೆಂಡತಿ ಊರಿಂದ ತಂದ ಒಣಮೀನು ಸುಡುವಾಗ ನೆರೆಯವರಿಗೆ ಹೆದರಿ ಕಿಟಕಿ ಮುಚ್ಚುತ್ತಿದ್ದಳು. ಆ ಕೈಗವಸುಗಳು ಬಂದ ದಿನ ಕಿಟಕಿ ತೆರೆದಳು. "ಇನ್ನು ಯಾರೂ ಯಾರಿಗೂ ಹೇಳುವ ಹಾಗಿಲ್ಲ" ಎಂದಳು. ಎರಡು ಮನೆಗಳ ಸ್ನೇಹ ಶುರುವಾದದ್ದು ಹೀಗೆ, ನಾತಕ್ಕೆ ನಾತ ಸರಿಹೊಂದಿ.

ಅಂಥ ಆಟಗಾರನಿಗೆ ಈ ಮರಳುಗಾಡಿನಲ್ಲೇನು ಕೆಲಸ ಎಂದು ನೀವು ಕೇಳಬಹುದು. ಅವನು ಕಾಯುತ್ತಿದ್ದ. ಅವನ ಊರು ಉರಾಲ್ ಬೆಟ್ಟಗಳ ಕಡೆಯದು. ಚಿಕ್ಕಂದಿನಿಂದ ಆಟ ಕಲಿಸಿದ್ದ ಅಲ್ಲಿನ ಕ್ಲಬ್ಬು ಈಗ ದೊಡ್ಡವರ ತಂಡಕ್ಕೆ ಬಾ ಎನ್ನುತ್ತಿತ್ತು. ಕೆನಡಾದ ಒಂದು ಜೂನಿಯರ್ ತಂಡವೂ ಅವನನ್ನು ಆರಿಸಿಕೊಂಡಿತ್ತು. ಅವರ ದೇಶದಲ್ಲಿ ಯುದ್ಧದ ಕಾಲ. ಹದಿನೆಂಟಾದರೆ ಸೇನೆಯ ಕರೆ ಬರುತ್ತದೆಂದು ಮರೀನಾ ಅವನನ್ನು ಅಪ್ಪನಿದ್ದಲ್ಲಿಗೆ ಕರೆತಂದಿದ್ದಳು. ಕೆನಡಾದ ವೀಸಾ ಇಲ್ಲಿಂದಲೇ ಆಗಲಿ ಎಂದು.

ಗೆನ್ನಾದಿಗೆ ಇದು ಇಷ್ಟವಿರಲಿಲ್ಲ. ಕೆಲಸದ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಹೇಳುತ್ತಿದ್ದ: "ಪರದೇಶದಲ್ಲಿ ಅವನು ಯಾರು? ಯಾರದೋ ಮನೆಯಲ್ಲಿ ಮಲಗಬೇಕು, ಯಾರದೋ ಭಾಷೆಯಲ್ಲಿ ಬೈಸಿಕೊಳ್ಳಬೇಕು. ಊರಿನಲ್ಲಿ ಆಡಿದರೆ ಬೀದಿಯವರೆಲ್ಲ ಹೆಸರು ಹಿಡಿದು ಕೂಗುತ್ತಾರೆ. ನನ್ನನ್ನೇ ನೋಡಿ. ಇಷ್ಟು ವರ್ಷದಿಂದ ಈ ಬಸ್ಸಿನಲ್ಲಿ ಬರುತ್ತೇನೆ, ಡ್ರೈವರಿಗೆ ನನ್ನ ಹೆಸರು ಗೊತ್ತಾ?"

ಡ್ರೈವರಿಗೆ ನನ್ನ ಹೆಸರೂ ಗೊತ್ತಿರಲಿಲ್ಲ.

ಮರೀನಾ ನನ್ನ ಹೆಂಡತಿಯ ಹತ್ತಿರ ಒಂದೇ ಮಾತು ಹೇಳಿದ್ದಳು. "ಕೆನಡಾದಲ್ಲಿ ಅವನನ್ನು ಆಡಿಸದೆ ಬೆಂಚಿನ ಮೇಲೆ ಕೂರಿಸಿದರೂ ಪರವಾಗಿಲ್ಲ. ಜೀವಂತ ಕೂತಿರುತ್ತಾನಲ್ಲ."

ಒಂದು ರಜೆಯ ದಿನ ತೀಮನನ್ನು ಅಲ್ ಶಮಾಲ್ ಕಡೆ ಸಮುದ್ರ ತೋರಿಸಲು ಕರೆದುಕೊಂಡು ಹೋದೆ. ದಾರಿಯಲ್ಲಿ, "ನಿನಗೇನು ಬೇಕು?" ಎಂದು ಕೇಳಿದೆ. ಅವನು, ಚಳಿಗಾಲದಲ್ಲಿ ಅಜ್ಜ ಅಂಗಳಕ್ಕೆಲ್ಲ ಪೈಪಿನಿಂದ ನೀರು ಹಾಯಿಸಿ, ಬೆಳಗಾಗುವಷ್ಟರಲ್ಲಿ ಗಟ್ಟಿಯಾದ ಐಸಿನ ಮೇಲೆ ತನ್ನನ್ನು ನಿಲ್ಲಿಸಿ ಕಲಿಸಿದ ಕತೆ ಹೇಳಿದ. "ನಾನು ದೊಡ್ಡವರ ತಂಡದಲ್ಲಿ ಆಡುವುದನ್ನು ಅಜ್ಜ ಕಣ್ಣಾರೆ ನೋಡಬೇಕು ಅಂಕಲ್. ಕೆನಡಾಕ್ಕೆ ಹೋದರೆ ಅವರು ನೋಡುವುದು ಫೋನಿನಲ್ಲಿ. ಅವರ ಕಣ್ಣಿಗೆ ಫೋನು ಕಾಣಿಸುವುದಿಲ್ಲ." ಆಮೇಲೆ, "ಆದರೂ ಹೋಗುತ್ತೇನೆ. ನನಗೆ ಹೆದರಿಕೆಯಾಗುತ್ತದೆ" ಎಂದ. ಅಷ್ಟೆತ್ತರದ ಹುಡುಗ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಅವನಿಗೆ ಹದಿನೆಂಟಾಯಿತು. ವೀಸಾ ಬಂತು, ಟಿಕೆಟ್ಟೂ ಆಯಿತು. ನನ್ನ ಹೆಂಡತಿ ಪಾಯಸ ಮಾಡಿ, ಕೆನಡಾದ ಚಳಿಗೆಂದು ತನ್ನ ಶಾಲು ಕೊಟ್ಟಳು. ಅದು ಅವನ ಕುತ್ತಿಗೆಗೂ ಸಾಲುತ್ತಿರಲಿಲ್ಲ.

ಅದೇ ವಾರ ಅಜ್ಜನಿಗೆ ಪಾರ್ಶ್ವವಾಯು ಬಡಿದ ಸುದ್ದಿ ಬಂತು. ತೀಮ ಊರಿಗೆ ಹೋಗಲೇಬೇಕೆಂದ. ಮರೀನಾ ಬಾಗಿಲಿಗೆ ಅಡ್ಡ ನಿಂತಳು. ಭಾಷೆ ತಿಳಿಯದಿದ್ದರೂ ಗೋಡೆಯ ಈಚೆ ಕೂತ ನಮಗೆ ಎಲ್ಲ ತಿಳಿಯಿತು. ಅವನು ಹೋದ. ಅಜ್ಜ ಅವನನ್ನು ಗುರುತಿಸಿ, ಒಂದು ವಾರ ಬದುಕಿ, ತೀರಿಕೊಂಡರು. ಮಣ್ಣು ಮಾಡಿ ವಾಪಸು ಹೊರಟವನನ್ನು ವಿಮಾನ ನಿಲ್ದಾಣದಲ್ಲಿ ತಡೆದರು. ಸೇನೆಯ ಕರೆ ಬಂದಿದೆ, ದೇಶ ಬಿಡುವ ಹಾಗಿಲ್ಲ ಎಂದರು.

ಬಸ್ಸು, ರೈಲು ಹಿಡಿದು ಹೇಗಾದರೂ ಗಡಿ ದಾಟಿ ಕಜಾಕಸ್ತಾನದ ನೆಂಟರ ಮನೆ ಸೇರು ಎಂದಳು ಮರೀನಾ. ಗೆನ್ನಾದಿ ಬೇಡವೆಂದ. ಊರಿನ ಕ್ಲಬ್ಬಿನವರು ಅವನಿಗೆ ಮಾತು ಕೊಟ್ಟಿದ್ದರು: ಹುಡುಗ ನಮ್ಮಲ್ಲಿ ಸಹಿ ಹಾಕಲಿ, ಸೇನೆಯ ಆಟಗಾರರ ತಂಡಕ್ಕೆ ಸೇರಿಸುತ್ತೇವೆ, ಬಂದೂಕು ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಗೆನ್ನಾದಿ ಇಡೀ ಸಂಜೆ ಫೋನಿನಲ್ಲಿ ಮಗನಿಗೆ ಹೇಳಿ ಹೇಳಿ ಒಪ್ಪಿಸಿದ. ಮಾರನೆಯ ದಿನ ಬಸ್ಸಿನಲ್ಲಿ ನನ್ನ ಭುಜ ತಟ್ಟಿ, "ಖಲಾಸ್. ಎಲ್ಲ ಸರಿಹೋಯಿತು" ಎಂದ.

ಆಟಗಾರರ ತಂಡದಲ್ಲಿ ಜಾಗ ಭರ್ತಿಯಾಗಿತ್ತು. ಕ್ಲಬ್ಬಿನವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ತೀಮನನ್ನು ಗಡಿಯ ಒಂದು ಠಾಣೆಗೆ ಹಾಕಿದರು. ಅಲ್ಲಿ ಸಾಮಾನು ಇಳಿಸುತ್ತಿದ್ದಾಗ ಮೇಲಿಂದ ಡ್ರೋನ್ ಬಿತ್ತು. ಜೀವ ಉಳಿಯಿತು. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ.

ಸುದ್ದಿ ಬಂದ ದಿನವೇ ಮರೀನಾ ಹೊರಟುಹೋದಳು. ಗಂಡನಿಗೆ ಹೋಗಿ ಬರುತ್ತೇನೆ ಎಂದೂ ಹೇಳಲಿಲ್ಲ. ಗೆನ್ನಾದಿ ರಜೆ ಕೇಳಿದ. ಆದರೆ ನೀನು ಬರುವುದು ಬೇಡ ಎಂದು ಮಗನೇ ಆಸ್ಪತ್ರೆಯಿಂದ ಹೇಳಿಸಿದ. ಗೆನ್ನಾದಿ ಮತ್ತೆ ಬಸ್ಸಿನಲ್ಲಿ ಅದೇ ಸೀಟಿನಲ್ಲಿ ಕೂತ. ಒಂದು ದಿನ ಪ್ಲಾಂಟಿನ ಗೇಟು ಬಂದಾಗ, "ಊರಿನಲ್ಲೇ ಇರಲಿ ಎಂದಿದ್ದೆ. ಊರಿನಲ್ಲೇ ಇದ್ದಾನೆ" ಎಂದು ಹೇಳಿ ಇಳಿದುಹೋದ.

ತೀಮ ಅಪ್ಪನ ಫೋನ್ ತೆಗೆಯುವುದಿಲ್ಲ. ಆದರೆ ಪ್ರತಿ ಶುಕ್ರವಾರ ಸಂಜೆ ನಮಗೆ ವಿಡಿಯೋ ಕಾಲ್ ಮಾಡುತ್ತಾನೆ. ಇದು ತಿಳಿದ ಮೇಲೆ ಗೆನ್ನಾದಿ ಆ ಹೊತ್ತಿಗೆ ಸರಿಯಾಗಿ ನಮ್ಮಲ್ಲಿಗೆ ಬಂದು, ಕ್ಯಾಮೆರಾಕ್ಕೆ ಕಾಣದ ಹಾಗೆ ಸೋಫಾದ ತುದಿಯಲ್ಲಿ ಕೂರುತ್ತಿದ್ದ. ಅವನಿಗೆ ಮಗನ ದನಿ ಕೇಳಿದರೆ ಸಾಕಿತ್ತು. ನಾವೂ ಏನೂ ಗೊತ್ತಿಲ್ಲದವರ ಹಾಗೆ ಮಾತಾಡುತ್ತಿದ್ದೆವು.

ಮೊನ್ನೆ ಸಂಜೆಯೂ ಫೋನ್ ಬಂತು. ಕೃತಕ ಕಾಲಿನ ಅಳತೆ ಸರಿಯಾಗಿಲ್ಲ, ಉಜ್ಜಿ ಹುಣ್ಣಾಗಿದೆ ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದವನು ನಡುವೆ ನಿಲ್ಲಿಸಿದ.

"ಅಂಕಲ್, ನಿಮ್ಮ ಪಕ್ಕ ಕೂತವರ ಉಸಿರು ನನಗೆ ಕೇಳಿಸುತ್ತದೆ. ಮೊದಲಿನಿಂದಲೂ ಕೇಳಿಸುತ್ತಿತ್ತು. ಇವತ್ತು ಅವರನ್ನು ಹೊರಗೆ ಕಳಿಸಿ."

ಗೆನ್ನಾದಿ ನನ್ನ ಮುಖ ನೋಡಲಿಲ್ಲ. ಎದ್ದು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದ.

"ಹೋದರಾ?"

"ಹೋದರು."

ಪರದೆಯ ಮೇಲೆ ಅವನು ಕೆಳಗೆ ನೋಡುತ್ತಿದ್ದ. "ಊಟ ಸರಿಯಾಗಿ ಮಾಡುತ್ತಾರಾ?" ಎಂದು ಕೇಳಿದ.

"ಮಾಡುತ್ತಾರೆ" ಎಂದೆ. ಹೆಂಡತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, "ಸುಳ್ಳು ತಿಮ್ಮಪ್ಪಾ. ಅವರು ಏನೂ ತಿನ್ನುವುದಿಲ್ಲ" ಎಂದಳು. ಅವನು "ಸರಿ ಆಂಟಿ" ಎಂದು ಕಾಲ್ ಕಟ್ ಮಾಡಿದ.

ಹೊರಗೆ ಸೆಕೆ ಹಬೆಯಂತೆ ನಿಂತಿತ್ತು. ಗೆನ್ನಾದಿ ನನ್ನ ಕಾರಿಗೆ ಒರಗಿ ನಿಂತಿದ್ದ. "ಏನು ಕೇಳಿದ?" ಎಂದ. ನೀವು ಸರಿಯಾಗಿ ಊಟ ಮಾಡುತ್ತೀರಾ ಎಂದು ಕೇಳಿದ ಎಂದೆ. ಹಾಗಲ್ಲ, ಅವನು ಆಡಿದ ಮಾತನ್ನೇ ಹಾಗೆಯೇ ಹೇಳಿ ಎಂದ. ಹೇಳಿದೆ.

ಇನ್ನೊಮ್ಮೆ ಹೇಳಿ ಎಂದ.

ಹೇಳಿದೆ.