ಬೀಳಬೇಕಾದ ಗೋಡೆ

ಅವರ ಬಲಗೆನ್ನೆಯಿಂದ ಕಿವಿಯ ಹಿಂದಿನವರೆಗೆ, ಚರ್ಮದ ಒಳಗೇ, ನೀಲಿ ಚುಕ್ಕೆಗಳಿದ್ದವು. ದೂರದಿಂದ ನೋಡಿದರೆ ಗಡ್ಡ ಸರಿಯಾಗಿ ಬೋಳಿಸಿಲ್ಲವೇನೋ ಅನ್ನಿಸುತ್ತಿತ್ತು. ಹತ್ತಿರ ಕೂತರೆ, ಯಾರೋ ಒಂದು ಹಿಡಿ ರಾಗಿ ಎರಚಿ ಅದು ಅಲ್ಲೇ ಹೂತುಹೋದಂತೆ ಕಾಣುತ್ತಿತ್ತು. ಸೈನ್ಯದಲ್ಲಿದ್ದಾಗ ಹತ್ತಿರದಲ್ಲೇ ಸಿಡಿದ ಮದ್ದಿನ ಕಣಗಳು ಅವು. ಆ ಕಡೆಯ ಕಿವಿಯೂ ಅವತ್ತೇ ಹೋಗಿತ್ತಂತೆ. ಹಾಗಾಗಿ ನಾವೆಲ್ಲ ಅವರ ಎಡಕ್ಕೆ ನಿಂತು ಮಾತಾಡುವುದನ್ನು ಕಲಿತಿದ್ದೆವು. ಬೈಸಿಕೊಳ್ಳುವಂಥ ವಿಷಯವಿದ್ದರೆ ಮಾತ್ರ ಕೆಲವರು ಬೇಕೆಂದೇ ಬಲಕ್ಕೆ ನಿಂತು ಹೇಳಿ ಬಂದುಬಿಡುತ್ತಿದ್ದರು. ಆಮೇಲೆ "ಅವತ್ತೇ ಹೇಳಿದ್ದೆನಲ್ಲ ಸಾರ್" ಅನ್ನಬಹುದು ಅಂತ. ಅವರಿಗೆ ಅದೂ ಗೊತ್ತಿತ್ತು.

ನನಗೆ ಅವರು ಯಾವತ್ತೂ ಬರೀ ಸಾರ್. ಎಪ್ಪತ್ತರ ದಶಕದಲ್ಲಿ ಪೀಣ್ಯದ ಒಂದು ಲೇತ್ ವರ್ಕ್‌ಷಾಪಿನ ಮಹಡಿಯ ಮೇಲೆ ಅವರ ಡಿಸೈನ್ ಆಫೀಸು. ಸಿಡಿಮದ್ದು, ಗ್ಯಾಸು, ಬಾಯ್ಲರು ಇರುವ ಕಾರ್ಖಾನೆಗಳಿಗೆ ಕಟ್ಟಡದ ನಕ್ಷೆ ಬರೆದುಕೊಡುವುದು ಅಲ್ಲಿನ ಕೆಲಸ. ಕೆಳಗೆ ಲೇತು ತಿರುಗಿದಾಗ ಮೇಲೆ ನಮ್ಮ ಡ್ರಾಯಿಂಗ್ ಬೋರ್ಡು ಸಣ್ಣಗೆ ನಡುಗುತ್ತಿತ್ತು. ನಾನು ನಮ್ಮ ಮನೆತನದಲ್ಲೇ ಮೊದಲ ಪದವೀಧರ. ಆನೇಕಲ್ ಕಡೆಯ ರಾಗಿ ಹೊಲದವರು ನಾವು. ಅಕ್ಕ ಶಾಲೆ ಬಿಟ್ಟು ಕೂಲಿಗೆ ಹೋದದ್ದರಿಂದ ನಾನು ಬಿ.ಇ. ಮುಗಿಸಿದೆ. ಬಾಗಲಗುಂಟೆಯಲ್ಲಿ ಒಂದು ರೂಮು ಹಿಡಿದು ಕೆಲಸಕ್ಕೆ ಸೇರಿದಾಗ, ಇನ್ನು ನನಗೆ ಗೊತ್ತಿಲ್ಲದ್ದು ಏನಿದೆ ಅನ್ನುವ ಹಾಗಿದ್ದೆ.

ಮೊದಲು ಬರೆದದ್ದು ಮದ್ದು ಇಡುವ ಒಂದು ಕೋಣೆ. ನಾಲ್ಕೂ ಕಡೆ ದಪ್ಪ ಕಾಂಕ್ರೀಟು ಗೋಡೆ, ಮೇಲೆ ದಪ್ಪ ತಾರಸಿ. ಆನೆ ಗುದ್ದಿದರೂ ಅಲ್ಲಾಡದು. ಸಾರ್ ಹಾಳೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಎಲ್ಲಾ ಗಟ್ಟಿ ಮಾಡಿಬಿಟ್ಟಿದ್ದೀಯಲ್ಲಯ್ಯಾ. ಒಳಗಿಂದ ಹೊರಟಿದ್ದು ಎಲ್ಲಿಗೆ ಹೋಗ್ಬೇಕು?"

ಅದೇ ಅವರ ವಿದ್ಯೆಯ ಮೂಲ. ಮದ್ದು ಸಿಡಿದರೆ ಅದರ ಬಿರುಸು ಹೋಗಲು ದಾರಿ ಬೇಕು. ಮೂರು ಗೋಡೆ ಗಟ್ಟಿಯಾಗಿ, ನಾಲ್ಕನೆಯದು ತೆಳು ಶೀಟಿನದಾಗಿ, ಆ ಕಡೆ ಬಯಲು, ಬಯಲಿನಾಚೆ ಮಣ್ಣಿನ ದಿಬ್ಬ. ಸಿಡಿದಾಗ ಶೀಟು ಹಾರಿಹೋಗಬೇಕು, ಪಕ್ಕದ ಕೋಣೆಯವರು ಉಳಿಯಬೇಕು. ಊರಿಗೆ ಹೋದಾಗ ಅಪ್ಪನಿಗೆ ಇದನ್ನು ವಿವರಿಸಿದೆ. ಅಪ್ಪ ಬೀಡಿ ಆರಿಸಿ, "ಬೀಳೋ ಗ್ವಾಡೆ ಕಟ್ಟಕ್ಕೆ ಇಷ್ಟು ವರ್ಸ ಓದ್ಬೇಕಿತ್ತೇನ್ಲಾ?" ಅಂದ. ಸಾರ್‌ಗೆ ಹೇಳಿದರೆ ಅವರು ನಕ್ಕು, ನಿಮ್ಮಪ್ಪನಿಗೆ ಹೇಳು, ಸರಿಯಾದ ಕಡೆಗೆ ಬೀಳಿಸೋದನ್ನ ಕಲಿಯೋಕೆ ನನಗೆ ಒಂದು ಕಿವಿ ಹೋಯಿತು ಅಂತ, ಅಂದರು.

ಅವರದೊಂದು ಪದ್ಧತಿ ಇತ್ತು. ಕಟ್ಟಡ ಮುಗಿದು ಕೆಲಸ ಶುರುವಾದ ಮೊದಲ ದಿನ, ಅದನ್ನು ಬರೆದವನು ಒಳಗೆ ಹೋಗಿ, ಕೆಲಸಗಾರ ಕೂರುವ ಜಾಗದ ಪಕ್ಕದಲ್ಲೇ ಕೂತು ಮಧ್ಯಾಹ್ನದ ಊಟ ಮಾಡಬೇಕು. ಯಾರಿಗೂ ವಿನಾಯಿತಿ ಇಲ್ಲ. ಮದ್ದಿನ ಪಕ್ಕದಲ್ಲಿ ಕೂತು ಚಿತ್ರಾನ್ನ ತಿನ್ನುವಾಗ ಪ್ರತಿಯೊಂದು ಲೆಕ್ಕವೂ ಮತ್ತೆ ತಲೆಯಲ್ಲಿ ಓಡುತ್ತದೆ. ಗಂಟಲಲ್ಲಿ ಅನ್ನ ಇಳಿಯದಿದ್ದರೆ ವಾಪಸ್ ಬಂದು ಡ್ರಾಯಿಂಗ್ ಬಿಚ್ಚು ಅನ್ನುತ್ತಿದ್ದರು. ಅವರು ಹಾಗೆ ಊಟ ಬಿಟ್ಟು ಎದ್ದು ಬಂದದ್ದನ್ನೂ ನಾನು ನೋಡಿದ್ದೇನೆ.

ಜಿಗಣಿ ಕಡೆ ಬಂಡೆ ಒಡೆಯುವ ಮದ್ದಿನ ಬತ್ತಿ ಮಾಡುವ ಒಂದು ಕಾರ್ಖಾನೆಗೆ ನಾವು ಕಟ್ಟಡ ಬರೆದುಕೊಟ್ಟಿದ್ದೆವು. ಮದ್ದು ಕಲಸುವ ಕೋಣೆ ಒಂದು. ಅದರ ಒತ್ತಿಗೆ, ಕಾಂಕ್ರೀಟು ಗೋಡೆಯ ಈಚೆಗೆ, ಹೆಂಗಸರು ಕೂತು ಬತ್ತಿ ಸುತ್ತುವ ಕೋಣೆ. ಕಲಸುವವರು ಮುನಿಶಾಮಣ್ಣ, ವಯಸ್ಸಾದ ಮನುಷ್ಯ, ಕೆಲಸದ ಹೊತ್ತಿನಲ್ಲಿ ಎಲೆಅಡಿಕೆಯನ್ನೂ ಹಾಕುತ್ತಿರಲಿಲ್ಲ. ನಮ್ಮಕ್ಕನನ್ನು ಜಿಗಣಿಗೇ ಕೊಟ್ಟಿದ್ದರು. ಕಾರ್ಖಾನೆ ಶುರುವಾದ ಮೇಲೆ ಅವಳೂ ಬತ್ತಿ ಸುತ್ತಲು ಸೇರಿಕೊಂಡಳು. ಆ ಗೋಡೆಗೆ ಬೆನ್ನು ಕೊಟ್ಟೇ ಅವಳ ಜಾಗ.

ಆ ವರ್ಷದ ಆಯುಧಪೂಜೆಗೆ ಮಾಲೀಕರು ನಮ್ಮನ್ನು ಕರೆದರು. ಹೋದರೆ ಕಲಸುವ ಕೋಣೆಗೆ ಬಾಳೆಕಂದು, ಮಾವಿನ ತೋರಣ. ಶೀಟು ಗೋಡೆ ಇದ್ದ ಕಡೆ ಸೈಜುಗಲ್ಲಿನ ಗೋಡೆ ಎದ್ದು ನಿಂತಿತ್ತು. ಹದವಾಗಿ ಕೆತ್ತಿದ ಕಲ್ಲು, ಸಿಮೆಂಟಿನ ಗೆರೆ, ಅದಕ್ಕೆ ಅರಿಶಿನ ಕುಂಕುಮ. ಯಾರೋ ಶೀಟು ಕತ್ತರಿಸಿ ಒಳಗೆ ನುಗ್ಗಲು ನೋಡಿದ್ದರಂತೆ. ಮದ್ದು ಕಳುವಾದರೆ ಪೊಲೀಸರು ಬಂದು ಹಿಡಿಯುವುದು ನನ್ನನ್ನ ಸಾರ್, ಅಂದರು ಮಾಲೀಕರು. ಸುತ್ತಮುತ್ತ ಬಂಡೆಯೇ ಇರುವಾಗ ಕಲ್ಲಿಗೇನು ಬರ. ತಮ್ಮ ಜಾಣತನಕ್ಕೆ ತಾವೇ ಮೆಚ್ಚಿ, ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ಸಾರ್ ಕೈಗೆ ಕೊಟ್ಟು, ಹೊಸ ಗೋಡೆ ಮುಂದೆ ನೀವೇ ಒಡೆಯಬೇಕು ಅಂದರು.

ಸಾರ್ ಕುಂಬಳಕಾಯಿಯನ್ನು ಮೆಲ್ಲಗೆ ನೆಲಕ್ಕಿಟ್ಟರು. "ಈ ಗೋಡೆ ಇರೋವರೆಗೂ ಇಲ್ಲಿ ನನ್ನ ಕೈಯಿಂದ ಏನೂ ಒಡೆಯೋಲ್ಲ" ಅಂದರು. ಪೂಜೆಯ ದಿನ ಅಂಥ ಮಾತು ಯಾರಿಗೂ ಹಿಡಿಸಲಿಲ್ಲ. ಮಾಲೀಕರ ಮುಖ ಕಪ್ಪಿಟ್ಟಿತು. ಬೇರೆ ಇಂಜಿನಿಯರುಗಳೂ ಇದ್ದಾರೆ ಅಂತ ಯಾರಿಗೋ ಅನ್ನುವ ಹಾಗೆ ಅಂದರು. ಸಾರ್ ಹೆಂಗಸರ ಕಡೆ ತಿರುಗಿ ಬಿಡಿಸಿ ಹೇಳಲು ನೋಡಿದರು. ಪಟಾಕಿಯನ್ನು ಬಿಚ್ಚಿದ ಅಂಗೈ ಮೇಲೆ ಇಟ್ಟರೆ ಚರ್ಮ ಸುಡುತ್ತದೆ, ಮುಷ್ಟಿಯಲ್ಲಿ ಹಿಡಿದರೆ ಬೆರಳೇ ಹೋಗುತ್ತದೆ. ಈ ಕೋಣೆ ಈಗ ಮುಷ್ಟಿ ಆಗಿದೆ, ಅಂದರು. ಯಾರೂ ಕೇಳಿಸಿಕೊಳ್ಳುವ ಹದದಲ್ಲಿರಲಿಲ್ಲ. ಗೋಡೆ ಬೀಳಿಸಿ ಮತ್ತೆ ಶೀಟು ಹಾಕುವವರೆಗೆ ಕೆಲಸ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ.

ಅಕ್ಕ ನನ್ನನ್ನು ಹೊಂಗೆ ಮರದ ಕೆಳಗೆ ಎಳೆದುಕೊಂಡು ಹೋದಳು. ಶೀಟು ಗಾಳಿಗೆ ಪಟಪಟ ಹೊಡ್ಕೊಂಡು ಎದೆ ಝಲ್ಲೆನ್ನುತ್ತಿತ್ತು, ಈಗ ನೆಮ್ಮದಿಯಾಗಿದೆ ಅಂದಳು. ಆಮೇಲೆ, "ನಿನ್ನ ಓದ್ಸಿದ್ದು ನನ್ ಕೆಲ್ಸ ಕಿತ್ಕೊಳ್ಳಕ್ಕೇನ್ಲಾ?" ಅಂದಳು.

ವಾಪಸ್ ಬರುವಾಗ ಜೀಪಿನಲ್ಲಿ, ಬತ್ತಿ ಸುತ್ತುವ ಕೋಣೆಯಲ್ಲಿ ನಮ್ಮಕ್ಕ ಇದ್ದಾಳೆ ಸಾರ್ ಅಂದೆ. ಅವರು ಎಡಗಿವಿಯನ್ನು ನನ್ನ ಕಡೆಗೆ ತಿರುಗಿಸಿ ಕೇಳಿದ್ದು ಒಂದೇ: ಯಾವ ಕಡೆ ಕೂರುತ್ತಾಳೆ? ಕಲಸುವ ಕೋಣೆಯ ಗೋಡೆಗೇ ಬೆನ್ನು ಕೊಟ್ಟು, ಅಂದೆ.

ಹಬ್ಬ ಕಳೆದು ಕಾರ್ಖಾನೆ ಬಾಗಿಲು ತೆಗೆದ ದಿನ, ಸಾರ್ ಊಟದ ಕ್ಯಾರಿಯರ್ ಹಿಡಿದು ಅಲ್ಲಿಗೆ ಹೋದರು. ನಾನೂ ಹಿಂದೆ. ನೇರ ಕಲಸುವ ಕೋಣೆಗೆ ಹೋಗಿ, ಮುನಿಶಾಮಣ್ಣನ ಮಣೆಯ ಪಕ್ಕ ಕಾಲು ಮಡಚಿ ಕೂತು, ಕ್ಯಾರಿಯರ್ ಬಿಚ್ಚಿದರು. ಮಾಲೀಕರಿಗೆ ಹೇಳಿಕಳಿಸಿದರು. ಹೆಂಗಸರು ಕೆಲಸ ಬಿಟ್ಟು ಬಾಗಿಲಾಚೆ ಗುಂಪಾದರು.

"ಬನ್ನಿ, ಒಟ್ಟಿಗೆ ಊಟ ಮಾಡೋಣ. ಮುನಿಶಾಮಣ್ಣ ಮದ್ದು ಕಲಸಲಿ."

ಮಾಲೀಕರು ನಕ್ಕರು. ಸಾರ್ ನಗಲಿಲ್ಲ. ಪಕ್ಕದ ನೆಲವನ್ನು ಅಂಗೈಯಲ್ಲಿ ಒರೆಸಿ ಜಾಗ ಮಾಡಿದರು. ಇವತ್ತು ಒಪ್ಪತ್ತು ಸಾರ್, ನಾನು ಊಟ ಮಾಡಲ್ಲ ಅಂದರು ಮಾಲೀಕರು.

"ಹಂಗಾದ್ರೆ ಮಜ್ಜಿಗೆ ಕುಡೀರಿ. ಕೂತ್ಕೊಂಡೇ ಕುಡೀಬೇಕು."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಮಾಲೀಕರ ಒಂದು ಕಾಲು ಹೊಸ್ತಿಲ ಒಳಗೆ ಬಂತು, ಮತ್ತೆ ಹೊರಗೆ ಹೋಯಿತು. ಮುನಿಶಾಮಣ್ಣ ಬೋಗುಣಿ ಮುಂದೆ ಕೈಕಟ್ಟಿ ನಿಂತಿದ್ದರು. ಸಾರ್ ಒಂದು ತುತ್ತು ಕಲಸಿ ಹಿಡಿದುಕೊಂಡು ಕಾಯುತ್ತಿದ್ದರು. ಮಾಲೀಕರು ಒಳಗೆ ಬರಲೇ ಇಲ್ಲ.

ಅದನ್ನು ಮೊದಲು ಅರ್ಥಮಾಡಿಕೊಂಡವಳು ನಮ್ಮಕ್ಕ. ಕೆಲಸಕ್ಕೆಂದು ಸೀರೆಯ ಮೇಲೆ ಸೊಂಟಕ್ಕೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, "ಅವ್ರೇ ಕೂರಲ್ಲ ಅಂದ್ಮೇಲೆ ನಾವ್ಯಾಕ್ ಕೂರ್ಬೇಕು, ಬರ್ರೇ" ಅಂತ ಹೊಂಗೆ ಮರದ ಕೆಳಗೆ ಹೋಗಿ ಕೂತಳು. ಒಬ್ಬೊಬ್ಬರೇ ಎಲ್ಲರೂ ಹೋದರು. ಆಮೇಲೆ ಮಾಲೀಕರು ಹಟ ಮಾಡಲಿಲ್ಲ. ಅವರೂ ಕೆಟ್ಟವರಲ್ಲ, ಕಳ್ಳನನ್ನು ಕಂಡಿದ್ದರು, ಸಿಡಿದದ್ದನ್ನು ಕಂಡಿರಲಿಲ್ಲ. ಕಲ್ಲು ಇಳಿಯಿತು, ಶೀಟು ಬಂತು. ಕಳ್ಳನಿಗೆಂದು ದಿಬ್ಬದ ಆಚೆ ದೂರದಲ್ಲಿ ಮುಳ್ಳುತಂತಿ ಬೇಲಿ ಹಾಕಿ, ಕಾವಲಿನವನನ್ನು ಇಡುವಂತೆ ಸಾರೇ ಬರೆದುಕೊಟ್ಟರು. ಕಳ್ಳನನ್ನು ತಡೆಯುವ ಕೆಲಸವನ್ನು ಮದ್ದಿನ ಬಿರುಸನ್ನು ಹೊರಬಿಡುವ ಗೋಡೆಗೆ ಹೊರಿಸಬಾರದು ಅನ್ನುವುದನ್ನು ನಾನು ಕಲಿತದ್ದು ಅಲ್ಲಿ.

ಮುಂದಿನ ಬೇಸಿಗೆಯಲ್ಲಿ ಕಲಸುವ ಕೋಣೆಯ ಮದ್ದು ಸಿಡಿಯಿತು. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಶೀಟು ತರಗೆಲೆಯ ಹಾಗೆ ಬಯಲಿಗೆ ಹಾರಿತ್ತು, ದಿಬ್ಬದ ಮಣ್ಣು ಕರಕಾಗಿತ್ತು. ಮೂರೂ ಗೋಡೆ ನಿಂತಿದ್ದವು. ಈಚೆ ಕೋಣೆಯಲ್ಲಿ ಗಾರೆ ಉದುರಿ ಹೆಂಗಸರ ತಲೆ ಬೆಳ್ಳಗಾಗಿತ್ತು, ಅಷ್ಟೇ. ಅಕ್ಕನಿಗೆ ಕೆಲವು ವಾರ ಕಿವಿ ಮಂದವಾಗಿತ್ತು. ಮುನಿಶಾಮಣ್ಣ ಹೋಗಿಬಿಟ್ಟರು.

ಸಾರ್ ಬಂದವರು ಗೋಡೆಯನ್ನು ನೋಡಲಿಲ್ಲ. ಮುನಿಶಾಮಣ್ಣನ ಮನೆ ಎಲ್ಲಿ ಅಂತ ಕೇಳಿ, ಅಲ್ಲಿಗೆ ಹೋಗಿ ಜಗಲಿಯ ಮೇಲೆ ಸಂಜೆಯವರೆಗೆ ಕೂತಿದ್ದರು. ಹಿಂದಿರುಗುವಾಗ ನನಗೆ ಸುಮ್ಮನಿರಲಾಗಲಿಲ್ಲ. ನಿಮ್ಮ ಗೋಡೆ ನಿಂತಿತು ಸಾರ್, ನಮ್ಮಕ್ಕ ಉಳಿದಳು ಅಂದೆ.

"ಗೋಡೆ ಲೆಕ್ಕ ಹಾಕ್ದೆ. ಮಣೆ ಮೇಲೆ ಕೂತೋನ ಲೆಕ್ಕ ಹಾಕ್ಲಿಲ್ಲ ಕಣಯ್ಯಾ" ಅಂದರು.

ಅಂದಿನಿಂದ, ಮದ್ದಿನ ಜೊತೆ ಮನುಷ್ಯ ಒಳಗಿರುವ ಕೋಣೆಯನ್ನು ಅವರು ಬರೆಯಲಿಲ್ಲ. ಕಲಸುವ ಯಂತ್ರ ಒಳಗೆ, ಅದನ್ನು ತಿರುಗಿಸುವ ಕೈ ಗೋಡೆಯ ಈಚೆ. ದುಬಾರಿ ಅಂತ ಎಷ್ಟೋ ಕಾರ್ಖಾನೆಯವರು ಬೇರೆ ಕಡೆ ಹೋದರು. ಆಫೀಸು ಚಿಕ್ಕದಾಯಿತು, ಬೋರ್ಡುಗಳು ಖಾಲಿಯಾದವು. ಇರುವವರು ಕಡಿಮೆಯಾದರೂ ಅವರು ಒಂದು ಗೆರೆಯನ್ನೂ ಬದಲಿಸಲಿಲ್ಲ. ನಾನು ಇಷ್ಟು ವರ್ಷ ಈ ಕೆಲಸ ಮಾಡಿ ಅನ್ನ ತಿಂದದ್ದು ಆ ಗೆರೆಯ ಮೇಲೆ.

ಎಂಬತ್ತರ ದಶಕದ ಕೊನೆಯಲ್ಲಿ, ಜಾಲಹಳ್ಳಿಯ ತಮ್ಮ ಮನೆಯಲ್ಲಿ, ಮಲಗಿದ್ದಲ್ಲೇ ಅವರು ಹೋದರು. ಅಕ್ಕನಿಗೆ ಹೇಳಿಕಳಿಸಿದ್ದೆ; ಬರುತ್ತಾಳೆ ಅಂದುಕೊಂಡಿರಲಿಲ್ಲ. ಜಿಗಣಿಯಿಂದ ಬಸ್ಸು ಬದಲಿಸಿ ಬದಲಿಸಿ ಬಂದು, ಕೈಯಲ್ಲಿ ತನ್ನ ಹಿತ್ತಲಿನ ಕನಕಾಂಬರ ಹಿಡಿದು ನಿಂತಿದ್ದಳು. ಹೂವಿಟ್ಟು ಎಲ್ಲಿ ಕೂರಬೇಕೆಂದು ತಿಳಿಯದೆ ಗೋಡೆ ಪಕ್ಕ ನಿಂತವಳನ್ನು ಸಾರ್ ಹೆಂಡತಿ, ಅಮ್ಮನವರು, ನೋಡಿದರು.

"ನೀವು ಯಾರ ಕಡೆಯೋರಮ್ಮ?"

"ಗ್ವಾಡೆ ಈಚೆಗೆ ಕೂತಿದ್ದೋಳು ಕಣಮ್ಮ" ಅಂದಳು ಅಕ್ಕ.

ಆ ಗೋಡೆಯ ವಿಷಯ ಅಮ್ಮನವರಿಗೆ ಗೊತ್ತಿತ್ತು. ಚಾಪೆಯ ಮೇಲೆ ಸರಿದು, ತಮ್ಮ ಪಕ್ಕದಲ್ಲೇ ಅವಳಿಗೆ ಜಾಗ ಮಾಡಿದರು.