ನೀರಿನ ಕುಳಿಯಲ್ಲಿ ಬಂದವನು

ಇದನ್ನು ಕಟ್ಟುಕಥೆ ಅಂದವರ ಜೊತೆ ನಾನು ಮಾತು ಬಿಟ್ಟಿದ್ದೇನೆ. ಬೆಳಗಿನವರೆಗೆ ಆ ಕದದ ಹೊರಗೆ ನಿಂತವನು ನಾನು, ಅವರಲ್ಲ.

ಎರಡು ಸಾವಿರದ ಆರೋ ಏಳೋ ಇಸವಿ. ಬಾಗಲಕೋಟೆ ನವನಗರದ ಒಂದು ಪ್ರಯೋಗಾಲಯದಲ್ಲಿ ಡಿಎನ್‌ಎ ಓದುವ ಯಂತ್ರ ನನ್ನ ಸುಪರ್ದಿನಲ್ಲಿತ್ತು. ಹತ್ತು ಕಾಲೇಜಿಗೆ ಒಂದೇ ಯಂತ್ರ. ಬಳಸುವವರು ಹತ್ತು ಮಂದಿ, ತೊಳೆಯುವವನು ನಾನೊಬ್ಬ.

ಆ ವಾರ ಇಳಕಲ್ಲಿನ ನೇಕಾರ ರಾಚಪ್ಪ ಒಂದು ಮೂಳೆಯ ತುಂಡು ತಂದಿದ್ದರು. ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವಾಗ ಅವರ ಅಣ್ಣ ಮನೆ ಬಿಡದೆ ಒಳಗಿನಿಂದ ಅಗಳಿ ಹಾಕಿಕೊಂಡಿದ್ದನಂತೆ. ಕರೆಯಲು ಹೋದವರಿಗೆ ಕಲ್ಲು ಬೀಸಿದ್ದನಂತೆ. ಆಮೇಲೆ ಯಾರಿಗೂ ಕಾಣಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅದೇ ಹೊಸ್ತಿಲ ಬಳಿ ಈ ಮೂಳೆ ಸಿಕ್ಕಿತ್ತು.

"ಅಂವನ ಹೇಣ್ತಿ, ನಮ್ಮ ವೈನಿ, ದಿನಾ ಊಟಕ್ಕ ಎರಡು ತಾಟು ಹಾಕ್ತಾಳ್ರಿ. ಬರ್ತಾನ ಅಂತ ಕುಂತಾಳ. ಇದು ಅಂವಂದು ಹೌದೋ ಅಲ್ಲೋ, ಒಂದ್ ಕಾಗದ ಬರದು ಕೊಡ್ರಿ..."

ತಾಯಿಯಿಂದ ಮಾತ್ರ ಬರುವ ಒಂದು ಬಗೆಯ ಡಿಎನ್‌ಎ ಒಂದೇ ತಾಯಿಯ ಮಕ್ಕಳಲ್ಲಿ ಒಂದೇ ಇರುತ್ತದೆ. ರಾಚಪ್ಪನ ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರೆಸಿಕೊಂಡೆ. ಮೂಳೆಯಿಂದ ಸಿಕ್ಕಿದ್ದು ಒಂದೇ ಸಲಕ್ಕೆ ಸಾಲುವಷ್ಟು.

ನಮ್ಮಲ್ಲೊಂದು ಕಟ್ಟುನಿಟ್ಟು. ಮಾದರಿ ಹಾಕುವ ತಟ್ಟೆಯಲ್ಲಿ ಸಣ್ಣ ಸಣ್ಣ ಕುಳಿಗಳಿರುತ್ತವೆ; ಮಾದರಿಗಳ ಪಕ್ಕ ಒಂದು ಕುಳಿಯಲ್ಲಿ ಬರೀ ಶುದ್ಧ ನೀರು ಇಡಬೇಕು. ಅದರಲ್ಲಿ ಯಾವ ಡಿಎನ್‌ಎಯೂ ಬರಬಾರದು. ಬಂದರೆ ನೀರೇ ಕೆಟ್ಟಿದೆ ಎಂದರ್ಥ, ಇಡೀ ತಟ್ಟೆ ಕಸಕ್ಕೆ.

ಅಂದು ರಾತ್ರಿ ನೋಡಿದರೆ ಶುದ್ಧ ನೀರಿನ ಬಾಟಲಿ ಖಾಲಿ. ಹಗಲು ಬಳಸಿದವರು ತುಂಬಿಸಿರಲಿಲ್ಲ. ಅವರ ವಂಶಕ್ಕೆಲ್ಲ ಬೈದೆ. ಅದೇ ಸಿಟ್ಟಿನಲ್ಲಿ ನಲ್ಲಿಯ ನೀರನ್ನು ಕುದಿಸಿ, ಸೋಸಿ, ಎಲ್ಲ ಕುಳಿಗೂ ಬೆರೆಸಿದೆ. ನಮ್ಮ ನಲ್ಲಿಗೆ ಬರುವುದು ಆ ಹಿನ್ನೀರೇ ಎಂದು ಆಗ ಹೊಳೆಯಲಿಲ್ಲ.

ಯಂತ್ರ ಶುರುಮಾಡಿ ಕಾವಲುಗಾರ ಹನಮಪ್ಪನ ಜೊತೆ ಗೇಟಿನ ಹತ್ತಿರ ಚಹಾ ಕುಡಿದು ಬಂದೆ. ಕದ ತೆರೆಯಲಿಲ್ಲ. ಒಳಗಿನಿಂದ ಅಗಳಿ ಬಿದ್ದಿತ್ತು...

"ಒಳಗ ಯಾರನ್ನರ ಬಿಟ್ಟೀರೇನ್ರಿ?" ಹನಮಪ್ಪ ಪಿಸುಗುಟ್ಟಿದ.

"ಯಾರೂ ಇಲ್ಲೋ..."

ಭುಜ ಕೊಟ್ಟು ತಳ್ಳಿದೆ. ಒಳಗಿನಿಂದ ಯಾರೋ ತಿರುಗಿ ತಳ್ಳಿದರು. ಕದದ ಸಂದಿಯಿಂದ ಹಸಿ ಮಣ್ಣಿನ, ಕೊಳೆತ ಕಟ್ಟಿಗೆಯ ವಾಸನೆ ಬಂತು. ಟಪ್... ಟಪ್... ನೀರು ತೊಟ್ಟಿಕ್ಕುವ ಸದ್ದು.

ಆಮೇಲೆ ನನ್ನ ಎದೆಯ ಮಟ್ಟಕ್ಕೆ ಕದಕ್ಕೆ ಏನೋ ಧಡಾರನೆ ಬಡಿಯಿತು.

"ಹೋಗ್ರಲೇ..." ಒಳಗಿನಿಂದ ಒಂದು ಗಂಡು ದನಿ.

ಹನಮಪ್ಪ ಓಡಿಹೋಗಿ ಗೇಟಿನಲ್ಲಿ ಕುಳಿತ. ನಾನು ಓಡಲಿಲ್ಲ. ಧೈರ್ಯವಲ್ಲ, ಮೂಳೆಯಿಂದ ತೆಗೆದ ಆ ಒಂದು ಹನಿ ಒಳಗಿತ್ತು.

ಬೆಳಗಿನ ಮೊದಲ ಬಸ್ಸಿಗೆ ರಾಚಪ್ಪ ಕಾಗದಕ್ಕೆಂದು ಬಂದರು. ನನ್ನ ಮಾತು ಕೇಳಿ ಕದದ ಮೇಲೆ ಅಂಗೈ ಇಟ್ಟರು.

"ಯಣ್ಣಾ... ನಾ ರಾಚ್ಯಾ. ತಗಿ."

ಅಗಳಿ ಸರಿದ ಸದ್ದನ್ನು ನಾನೇ ಕೇಳಿದೆ.

ಒಳಗೆ ಯಾರೂ ಇರಲಿಲ್ಲ. ನೆಲ ಒಣಗಿತ್ತು. ಕದದ ಹಿಂದೆ ಮಾತ್ರ ಒಂದು ಕಲ್ಲು ಬಿದ್ದಿತ್ತು, ಹಸಿ ಪಾಚಿ ಕಟ್ಟಿದ್ದು.

ಪರದೆಯ ಮೇಲೆ ಮೂಳೆಯದು, ರಾಚಪ್ಪನದು, ಎರಡೂ ಒಂದೇ. ಬರೀ ನೀರಿದ್ದ ಕುಳಿಯಲ್ಲೂ ಅದೇ ಬಂದಿತ್ತು, ಎಲ್ಲಕ್ಕಿಂತ ಸ್ಪಷ್ಟವಾಗಿ.

"ನೀರು ಕೆಡಿಸಿದಾಂವ ನಾನ್ರಿ," ಅಂದೆ. "ಇನ್ನ ಹೌದು ಅಂತ ಬರದು ಕೊಡಾಕ ಬರಂಗಿಲ್ಲ. ಮೂಳಿನೂ ಮುಗದೈತಿ."

ರಾಚಪ್ಪ ಆ ಕಲ್ಲನ್ನು ಎತ್ತಿ ಅಂಗಿಯ ತುದಿಯಿಂದ ಒರೆಸಿದರು. "ಅಂವ ಸಣ್ಣ ಕಲ್ಲು ಒಗದಾನ್ರಿ. ನೀವು ದೊಡ್ಡದು ಒಗದ್ರಿ." ಮತ್ತೆ ನನ್ನ ಮುಖ ನೋಡಲಿಲ್ಲ.

ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಈಗಲೂ ರಾತ್ರಿ ನಲ್ಲಿ ತಿರುಗಿಸಿದರೆ ಆ ವಾಸನೆ ಬರುತ್ತದೆ, ಲೋಟ ಕೆಳಗಿಡುತ್ತೇನೆ. ಆ ಹೆಂಗಸು ಇನ್ನೂ ಎರಡು ತಾಟು ಹಾಕುತ್ತಾಳಂತೆ. ಅದರಲ್ಲೊಂದು ನಾನು ಹಾಕಿಸಿದ್ದು.