ಮೂಸಿ ನೋಡಿ ಕೊಂಡ ಕಂಪ್ಯೂಟರ್

ನನ್ನ ಅಣ್ಣ ಕರಿಯಣ್ಣ ಹಳೆಯ ಕಂಪ್ಯೂಟರನ್ನು ಕೊಳ್ಳುವ ಮೊದಲು ಮೂಸಿ ನೋಡುತ್ತಿದ್ದ. ಪೆಟ್ಟಿಗೆಯ ಹಿಂಭಾಗದ ಜಾಲರಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ, ಒಮ್ಮೆ ನಿಧಾನವಾಗಿ ಉಸಿರೆಳೆದುಕೊಳ್ಳುತ್ತಿದ್ದ. ಸುಟ್ಟ ವಾಸನೆ ಬಂದರೆ ಪವರ್ ಸಪ್ಲೈ ಹೋಗಿದೆ ಎಂದು ಅರ್ಥ. ಇಲಿಯ ವಾಸನೆ ಬಂದರೆ ಒಳಗೆ ವೈರು ಕಡಿದಿರುತ್ತದೆ. ಬರೀ ಧೂಳಿನ ವಾಸನೆ ಬಂದರೆ ಅವನ ಮುಖ ಅರಳುತ್ತಿತ್ತು. ಆಮೇಲೆ ಮುಚ್ಚಳ ತೆಗೆದು, ಬೋರ್ಡಿನ ಮೇಲೆ ಸಾಲಾಗಿ ನಿಂತಿರುವ ಪುಟ್ಟ ಡಬ್ಬಿಗಳಂಥ ಕೆಪಾಸಿಟರುಗಳ ತಲೆ ಸವರುತ್ತಿದ್ದ. ಒಂದರ ತಲೆ ಉಬ್ಬಿದ್ದರೂ ಬೇಡವೆನ್ನುತ್ತಿದ್ದ.

ಯಲ್ಲದಕೆರೆಯಲ್ಲಿ ನಮ್ಮ ಅಪ್ಪ ಕುರಿ ಕೊಳ್ಳುತ್ತಿದ್ದುದೂ ಹೀಗೆಯೇ. ಬಾಯಿ ಬಿಡಿಸಿ ಹಲ್ಲು ನೋಡಿ, ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿ, ಮೂಗಿನ ಹತ್ತಿರ ಮೂಗು ತಂದು ಉಸಿರು ಮೂಸುತ್ತಿದ್ದರು. ಅಣ್ಣ ಐಟಿಐ ಓದಿ ಹಿರಿಯೂರಿನಲ್ಲಿ ಅಂಗಡಿ ಇಟ್ಟ. ದೊಡ್ಡ ಕಚೇರಿಗಳು ಬೇಡವೆಂದು ಬಿಟ್ಟ ಡೆಸ್ಕ್‌ಟಾಪುಗಳನ್ನು ತಂದು, ಬಿಚ್ಚಿ, ಒರೆಸಿ, ಕೆಟ್ಟದ್ದನ್ನು ಬದಲಿಸಿ ಸುತ್ತಲಿನ ಊರಿನವರಿಗೆ ಮಾರುತ್ತಿದ್ದ. ಕುರಿ ಬಿಟ್ಟರೂ ಕೈಗೆ ಅಂಟಿದ ಅಭ್ಯಾಸ ಬಿಡಲಿಲ್ಲ.

ಮದುವೆಯಾಗಿ ಹಿರೇಗುಂಟನೂರಿಗೆ ಬಂದ ನಾನು, ಒಂದು ಜೆರಾಕ್ಸ್ ಅಂಗಡಿ ಇಟ್ಟು ಅರ್ಜಿ ತುಂಬಿಕೊಡುವ ಕೆಲಸ ಮಾಡುತ್ತೇನೆ ಎಂದಾಗ ಅಣ್ಣನೇ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದ. ಅಲ್ಲಿ ಹಳೆಯ ಕಂಪ್ಯೂಟರುಗಳ ಗೋಡೌನು ಇಟ್ಟುಕೊಂಡಿದ್ದ ಬಾಷಾ ಸಾಬರು ಅವನಿಗೆ ಬಹಳ ಹಳೆಯ ಪರಿಚಯ. ಅಣ್ಣ ಒಂದೊಂದಾಗಿ ಮೂಸುತ್ತಾ ಹೋದದ್ದನ್ನು ಅವರು ಕುರ್ಚಿಯಲ್ಲಿ ಕುಳಿತೇ ನೋಡಿದರು.

"ಏನ್ ಕರಿಯಣ್ಣ, ಕಂಪ್ಯೂಟರ್ ತಗಂತೀಯೋ, ಬಿರಿಯಾನಿ ಬೆಂದೈತಾ ಅಂತ ನೋಡ್ತೀಯೋ?"

"ನಿಮ್ಮ ಗೋಡೌನಿನ ಇಲಿ ಯಾವ್ದರಾಗೆ ಸಂಸಾರ ಹೂಡೈತೆ ಅಂತ ನೋಡ್ತಿದೀನಿ ಸಾಬ್ರೇ."

"ಬಾಡಿಗೆ ಕೊಡ್ತಾವೆ ಅವು. ಓಡಿಸ್ಬ್ಯಾಡ ಮತ್ತೆ."

ಕೊನೆಗೆ ಅಣ್ಣ ಆರಿಸಿದ್ದು ಮೈಯೆಲ್ಲ ಗೀರಾದ, ಒಂದು ಮೂಲೆ ನೆಗ್ಗಿದ ಕಪ್ಪು ಪೆಟ್ಟಿಗೆ. ಪಕ್ಕದಲ್ಲೇ ಹೊಳೆಯುವ ಇನ್ನೊಂದಿತ್ತು. ಅದನ್ನೇ ತೆಗೆದುಕೊಳ್ಳೋಣವೆಂದೆ.

"ಮೈ ನೋಡಬ್ಯಾಡ ಪುಟ್ಟಿ" ಎಂದ. ಗಂಗಮ್ಮ ಎಂಬ ನನ್ನ ಹೆಸರಿನಿಂದ ಅವನು ಯಾವತ್ತೂ ಕರೆದವನಲ್ಲ. "ಮೈ ತೊಳೆದು ಸಂತೆಗೆ ಹೊಡ್ಕಂಡು ಬಂದ ಕುರಿ ನೋಡಿಲ್ವಾ ನೀನು? ಮನೀಗೆ ಬಂದ ವಾರಕ್ಕೆ ಕೆಮ್ತೈತೆ."

ಮರುದಿನ ಅಂಗಡಿಗೆ ಬಂದವನು ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ಹೊರಗೆ ಗೋಡೆಯ ಪಕ್ಕ ಗುಂಡಿ ತೋಡಿದ. ಒಂದು ಕಬ್ಬಿಣದ ಪೈಪು ನಿಲ್ಲಿಸಿ ಸುತ್ತ ಇದ್ದಿಲು, ಉಪ್ಪು ತುಂಬಿ ಮಣ್ಣು ಮುಚ್ಚಿದ. ಅಲ್ಲಿಂದ ತಂತಿ ಎಳೆದು ಒಳಗಿನ ಪ್ಲಗ್ಗಿಗೆ ಕಟ್ಟಿದ. ನಮ್ಮ ಮನೆಯವರು ನೋಡಿ, "ಏನ್ ಭಾವ, ಕಂಪ್ಯೂಟ್ರಿಗೆ ಗುದ್ದಲಿಪೂಜೆನಾ?" ಎಂದು ನಕ್ಕರು. ಅಣ್ಣ ನಗಲಿಲ್ಲ. "ಅರ್ತಿಂಗ್ ಇದು. ಮೊದ್ಲು ಭೂಮಿಗೆ ಕಟ್ಟಬೇಕು. ಪುಟ್ಟಿ, ದಿನಾ ಬೆಳಿಗ್ಗೆ ಇದಕ್ಕೆ ಒಂದು ಚೆಂಬು ನೀರು ಹುಯ್ಯಿ. ಭೂಮಿ ಒಣಗಿತು ಅಂದ್ರೆ ಕರೆಂಟು ನಿನ್ನ ಕೈಗೆ ಬರ್ತೈತೆ" ಎಂದ. ಈಗಲೂ ಹುಯ್ಯುತ್ತೇನೆ. ದಾರಿಯಲ್ಲಿ ಹೋಗುವ ಹೊಸಬರು ಯಾರದೋ ಸಮಾಧಿ ಇರಬೇಕೆಂದು ಚಪ್ಪಲಿ ಬಿಟ್ಟು ನಿಂತದ್ದೂ ಉಂಟು.

ಎಲ್ಲ ಜೋಡಿಸಿ, ಕೀಬೋರ್ಡಿಗೆ ಕನ್ನಡ ಅಕ್ಷರಗಳ ಚೀಟಿ ಅಂಟಿಸಿ, ಪರದೆಯ ಮೇಲೆ ಎರಡು ಹೆಸರು ಇಟ್ಟ. ಒಂದು 'ಪುಟ್ಟಿ'. ಅದು ನನ್ನ ಕೆಲಸಕ್ಕೆ, ಬೀಗವಿಲ್ಲ. ಇನ್ನೊಂದು 'ಅಣ್ಣ'. ಅದಕ್ಕೆ ಪಾಸ್‌ವರ್ಡ್ ಇತ್ತು. "ರಿಪೇರಿಗೆ ಬಂದಾಗ ನಾನು ಇದ್ರಾಗೆ ಕುಂತ್ಕಂತೀನಿ, ನಿನ್ನ ಕಡತಕ್ಕೆ ಕೈ ಹಾಕಲ್ಲ" ಎಂದ. ಪ್ರತಿ ಬೆಳಿಗ್ಗೆ ಸ್ವಿಚ್ ಒತ್ತಿದರೆ ಎರಡೂ ಹೆಸರು ಅಕ್ಕಪಕ್ಕ ಬಂದು ನಿಲ್ಲುತ್ತಿದ್ದವು. ಪಹಣಿಗೆ ಬಂದ ಹೆಂಗಸರು ಇಣುಕಿ, "ಪುಟ್ಟಿ ಅಂತೆ, ನೋಡ್ರೇ" ಎಂದು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು.

ಆಗೆಲ್ಲ ಅಣ್ಣನಿಗೆ ಇನ್ನೊಂದು ಅಭ್ಯಾಸವಿತ್ತು. ತನ್ನ ಅಂಗಡಿಗೆ ಯಾವ ಕಂಪ್ಯೂಟರ್ ಬಂದರೂ ಮೊದಲು ಅದರೊಳಗಿನದನ್ನೆಲ್ಲ ಅಳಿಸುತ್ತಿದ್ದ. ಏನಿದೆ ಎಂದು ತೆರೆದು ನೋಡುತ್ತಿರಲಿಲ್ಲ. ಅಪ್ಪ ಹೊಸ ಕುರಿಯನ್ನು ಕೆರೆಯಲ್ಲಿ ತೊಳೆಯದೆ ಕುರಿ ಕೂಡುವ ರೊಪ್ಪಕ್ಕೆ ಬಿಡುತ್ತಿರಲಿಲ್ಲ. ಬಿಟ್ಟರೆ ಅದು ಉಳಿದ ಕುರಿಗಳೊಡನೆ ಸೇರದೆ ಬೇಲಿಯ ಹತ್ತಿರ ನಿಂತು ಬಂದ ದಿಕ್ಕಿಗೇ ಅರಚುತ್ತದೆ ಎನ್ನುತ್ತಿದ್ದರು. ಅಣ್ಣನೂ ಅದನ್ನೇ ಹೇಳುತ್ತಿದ್ದ. "ಹಳೇ ರೊಪ್ಪದ ವಾಸನೆ ಇರಬಾರ್ದು."

ನನ್ನ ಅಂಗಡಿ ಶುರುವಾದ ಮರುವರ್ಷ ಹೊಳಲ್ಕೆರೆಯ ನಿವೃತ್ತ ಮೇಷ್ಟರೊಬ್ಬರು ಹಳೆಯ ಕಂಪ್ಯೂಟರನ್ನು ಅವನಿಗೆ ಕೊಟ್ಟು ಇನ್ನೊಂದನ್ನು ತೆಗೆದುಕೊಂಡು ಹೋದರು. ಮೂರು ದಿನ ಬಿಟ್ಟು ಅವರ ಹೆಂಡತಿ ಒಬ್ಬರೇ ಬಸ್ಸಿನಲ್ಲಿ ಹಿರಿಯೂರಿಗೆ ಬಂದರು. ತೀರಿಕೊಂಡ ಮಗಳ ಫೋಟೋಗಳೆಲ್ಲ ಅದರಲ್ಲಿದ್ದವಂತೆ. ಮೇಷ್ಟರಿಗೆ ಅದು ಗೊತ್ತಿರಲಿಲ್ಲ. ಅಣ್ಣ ಅಷ್ಟರಲ್ಲಿ ಅಳಿಸಿ, ಹೊಸದಾಗಿ ಸಾಫ್ಟ್‌ವೇರ್ ತುಂಬಿ ಮಾರಾಟಕ್ಕೆ ಇಟ್ಟಿದ್ದ. ಆಕೆ ಬೈಯಲಿಲ್ಲ, ಅಳಲಿಲ್ಲ. "ಒಂದೂ ಇಲ್ವೇನಪ್ಪ?" ಎಂದು ಕೇಳಿದರಂತೆ, ಅಷ್ಟೇ.

ಅಣ್ಣ ನಾಲ್ಕು ದಿನ ಬೇರೆ ಕೆಲಸ ಮುಟ್ಟದೆ ಆ ಡಿಸ್ಕಿನೊಳಗೆ ಹುಡುಕಿದ. ಐದನೆಯ ದಿನ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಳಿತ. ತಂದುಕೊಟ್ಟ ಟೀ ಆರಿಹೋಯಿತು.

"ಒಂದು ಜಡೆ ಬಂತು ಪುಟ್ಟಿ. ಇನ್ನೊಂದ್ರಾಗೆ ಅರ್ಧ ಹಣೆ, ಕೆಳಗೆಲ್ಲ ಬೂದಿ ಬಣ್ಣ. ಇದನ್ನ ಹೆಂಗ್ ಕೊಡ್ಲಿ ಆಯಮ್ಮಂಗೆ?"

ಕೊಟ್ಟನೋ ಇಲ್ಲವೋ ನಾನು ಕೇಳಲಿಲ್ಲ.

ಅಂದಿನಿಂದ ಅವನ ಪದ್ಧತಿ ಬದಲಾಯಿತು. ಬಂದ ಕಂಪ್ಯೂಟರಿನಿಂದ ಡಿಸ್ಕನ್ನು ಬಿಚ್ಚಿ, ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ಮೇಲೆ ಕೊಟ್ಟವರ ಹೆಸರು, ಊರು ಬರೆದು ಅಂಟಿಸಿ, ಒಂದು ತಗಡಿನ ಟ್ರಂಕಿನಲ್ಲಿ ಇಡುತ್ತಿದ್ದ. ಸತ್ತವರಿಗೆ ವರ್ಷ ಮಾಡುವವರೆಗೆ ಅವರ ಬಟ್ಟೆಯನ್ನು ಯಾರಿಗೂ ಕೊಡದೆ ಇಡುವುದು ನಮ್ಮ ಮನೆಯ ರೂಢಿ. ಹಾಗೆ ಒಂದು ವರ್ಷ. ವರ್ಷ ತುಂಬಿದ ಮೇಲೆ ಫೋನ್ ಮಾಡಿ, "ಅಳಿಸ್ಲಾ?" ಎಂದು ಕೇಳಿಯೇ ಅಳಿಸುತ್ತಿದ್ದ. ಬಹಳ ಜನ ನಗುತ್ತಿದ್ದರು. ಹೊಸದುರ್ಗದ ಅಡಿಕೆ ವ್ಯಾಪಾರಿಯೊಬ್ಬರು, "ಏನಪ್ಪ, ಅದ್ರಾಗೆ ನನ್ನ ಇಸ್ಪೀಟ್ ಆಟ ಬಿಟ್ರೆ ಬ್ಯಾರೆ ಏನೈತೆ? ಗೆದ್ದಿದ್ದು ಮಾತ್ರ ಇಟ್ಕ, ಸೋತಿದ್ದು ಅಳಿಸು" ಎಂದಿದ್ದರು. ಅಣ್ಣ ಅದನ್ನು ಹೇಳಿಕೊಂಡು ನಗುತ್ತಿದ್ದ. ಆದರೆ ಆಗಲೂ ಯಾರ ಡಿಸ್ಕನ್ನೂ ತೆರೆದು ನೋಡಲಿಲ್ಲ. "ಕೇಳಿ ಅಳಿಸ್ಬೇಕು. ತೆಗೆದು ನೋಡಬಾರ್ದು" ಎನ್ನುತ್ತಿದ್ದ.

ಕೊನೆಯ ವರ್ಷದಲ್ಲಿ ಅವನು ಗುರುವಾರ ಗುರುವಾರ ನನ್ನ ಅಂಗಡಿಗೆ ಬರತೊಡಗಿದ. ಹಿರಿಯೂರಿನಿಂದ ಬೈಕಿನಲ್ಲಿ ಅಷ್ಟು ದೂರ ಬರುವಂಥ ರಿಪೇರಿ ಏನೂ ಇರಲಿಲ್ಲ. ತನ್ನ ಹೆಸರು ಒತ್ತಿ, ಪಾಸ್‌ವರ್ಡ್ ಹಾಕಿ, ಪರದೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಅರ್ಧ ಗಂಟೆ ಕೂರುತ್ತಿದ್ದ. ಸ್ಕ್ಯಾನರ್ ಓಡುವ ಸದ್ದು ಕೇಳುತ್ತಿತ್ತು.

"ಏನ್ ಮುಚ್ಚಿಟ್ಟಿದೀಯ ಅಣ್ಣ? ಅತ್ತಿಗೆಗೆ ಹೇಳ್ಲಾ?"

"ಹೇಳ್ಹೋಗು. ಅವಳಿಗೆ ಕಂಪ್ಯೂಟ್ರು ಕಂಡ್ರೆ ಸವತಿ ಕಂಡಂಗೆ."

ಕಡೆಯ ಗುರುವಾರ ಅಂಗಡಿಯ ಮೂರು ಮೆಟ್ಟಿಲುಗಳಲ್ಲಿ ಎರಡನೆಯದರ ಮೇಲೆ ನಿಂತುಬಿಟ್ಟ. ಬಾಗಿಲಿನ ಚೌಕಟ್ಟು ಹಿಡಿದುಕೊಂಡಿದ್ದ. "ವಯಸ್ಸಾತು ನಿಂಗೆ" ಎಂದೆ. "ಹೂಂ, ಫ್ಯಾನ್ ತಿರುಗ್ತೈತೆ, ಗಾಳಿ ಬರಲ್ಲ" ಎಂದು ನಕ್ಕ. ನಾನೂ ನಕ್ಕೆ. ಕಂಪ್ಯೂಟರ್ ಈಚೆಗೆ ನಿಧಾನವಾಗಿದೆ ಎಂದು ದೂರು ಹೇಳಿದೆ. ಟೀ ತಂದಾಗ ಪರದೆಯ ಮೇಲೆ ಯಾವುದೋ ಆಸ್ಪತ್ರೆಯ ಚೀಟಿ ಕಂಡಿತು. ಗಿರಾಕಿಯದ್ದಿರಬೇಕು ಎಂದುಕೊಂಡೆ.

ಐದು ದಿನಕ್ಕೆ, ಬೆಳಗಿನ ಹೊತ್ತು, ತನ್ನ ಅಂಗಡಿಯಲ್ಲಿ ಕುಳಿತಲ್ಲೇ ಹೋದ. ಬಿಚ್ಚಿದ ಕಂಪ್ಯೂಟರ್ ಎದುರಿಗೆ ಇತ್ತಂತೆ.

ಮಣ್ಣು ಮಾಡಿ, ಹನ್ನೊಂದು ದಿನ ಕಳೆದು ನಾನು ಅಂಗಡಿ ತೆರೆದೆ. ಸ್ವಿಚ್ ಒತ್ತಿದೆ. 'ಅಣ್ಣ', 'ಪುಟ್ಟಿ'. ಎರಡೂ ಹೆಸರು ಬಂದು ನಿಂತವು. ಯಾರು ಬಂದಿದ್ದೀರಿ ಎಂದು ಕೇಳುವಂತೆ ಕಾಯುತ್ತಿದ್ದವು.

ಆ ಚೀಟಿ ಯಾರದು? ಅವನದೇ ಆಗಿದ್ದರೆ ತನ್ನ ಕಾಯಿಲೆ ಅವನಿಗೆ ಗೊತ್ತಿತ್ತು ಎಂದಾಯಿತು. ಗೊತ್ತಿದ್ದೂ ನನಗೆ ಹೇಳಲಿಲ್ಲ ಎಂದಾಯಿತು. ನಾನು ಕಣ್ಣಾರೆ ಕಂಡೂ ಕೇಳಲಿಲ್ಲ ಎಂಬುದಂತೂ ನಿಜ. ಇಡೀ ವರ್ಷ ದಿನಕ್ಕೊಮ್ಮೆ ಈ ಲೆಕ್ಕ ನನ್ನ ಎದುರಿಗೆ ಬಂದು ನಿಲ್ಲುತ್ತಿತ್ತು. ಕೆಲವು ಸಲ ಅವನ ಹೆಸರು ಒತ್ತಿ, ತೋಚಿದ ಪಾಸ್‌ವರ್ಡ್ ಹಾಕುತ್ತಿದ್ದೆ. ನಮ್ಮ ಊರು, ಅಪ್ಪನ ಹೆಸರು, ಅವನು ಸಾಕಿದ್ದ ಟಗರಿನ ಹೆಸರು. ತಪ್ಪು ಎಂದು ಬರುತ್ತಿತ್ತು. ಒಂದೊಂದು ಗುರುವಾರ ಗಿರಾಕಿಗಳಿಲ್ಲದಾಗ ಪೆಟ್ಟಿಗೆಯೊಳಗಿನ ಫ್ಯಾನು ತಾನಾಗಿಯೇ ಜೋರಾಗಿ ತಿರುಗಿ ಮತ್ತೆ ತಣ್ಣಗಾಗುತ್ತಿತ್ತು. ಬಿಸಿಯಾದರೆ ಹಾಗಾಗುತ್ತದೆ ಎಂದು ಅವನೇ ಹೇಳಿಕೊಟ್ಟಿದ್ದ. ಆದರೂ ನಾನು ಬಾಗಿಲ ಕಡೆ ನೋಡುತ್ತಿದ್ದೆ.

ಕಂಪ್ಯೂಟರ್ ತೀರ ನಿಧಾನವಾದಾಗ ಚಿತ್ರದುರ್ಗದಿಂದ ರುದ್ರೇಶ ಎಂಬ ಮೆಕ್ಯಾನಿಕ್ ಬಂದು ನೋಡಿದರು.

"ಜಾಗ ಇಲ್ಲಕ್ಕ. ಅರ್ಧಕ್ಕರ್ಧ ಈ ಅಣ್ಣ ಅನ್ನೋ ಖಾತೇಲಿ ತುಂಬೈತೆ. ತೆಗೆದು ನೋಡಿ, ಬೇಕಾದ್ದು ಇಟ್ಕಂಡು ಉಳಿದಿದ್ದು ಅಳಿಸಾಣ."

"ಪಾಸ್‌ವರ್ಡ್ ಗೊತ್ತಿಲ್ಲ."

"ಅದೆಲ್ಲ ಬ್ಯಾಡ. ನಿಮ್ಮ ಖಾತೆಗೇ ಎಲ್ಲಾ ಅಧಿಕಾರ ಕೊಟ್ಟವ್ರೆ ಅವ್ರು. ಇಲ್ಲಿ ಒತ್ತಿದ್ರೆ ತೆಗಿತೈತೆ, ಇಲ್ಲಿ ಒತ್ತಿದ್ರೆ ಅಳಿಸ್ತೈತೆ. ನೀವೇ ಮಾಡಬೋದಿತ್ತು."

ವರ್ಷವೆಲ್ಲ ನಾನು ಬೀಗದ ಮುಂದೆ ಕುಳಿತಿದ್ದೇನೆ ಎಂದುಕೊಂಡಿದ್ದೆ. ಬಾಗಿಲು ನನ್ನ ಕಡೆಯಿಂದ ತೆರೆದೇ ಇತ್ತು. ಬೇರೆ ಡಿಸ್ಕ್ ಹಾಕಿಸಬಹುದಿತ್ತು, ರುದ್ರೇಶರೂ ಅದನ್ನು ಹೇಳಿದರು. ಆದರೆ ಅದು ಜಾಗದ ಮಾತಲ್ಲವೆಂದು ನನಗೆ ಗೊತ್ತಿತ್ತು. ಮುಂದಿನ ವಾರ ಹೇಳುತ್ತೇನೆ ಎಂದು ಅವರನ್ನು ಕಳಿಸಿ, ಮರುದಿನ ಹಿರಿಯೂರಿನ ಬಸ್ಸು ಹತ್ತಿದೆ.

ಅತ್ತಿಗೆ ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕುಳಿತಿದ್ದಳು. ಪಕ್ಕದಲ್ಲಿ ಆ ತಗಡಿನ ಟ್ರಂಕು ಖಾಲಿಯಾಗಿ ಬಾಯಿ ತೆರೆದುಕೊಂಡಿತ್ತು.

"ಹದಿನೇಳು ಜನಕ್ಕೆ ಫೋನ್ ಮಾಡ್ದೆ ಕಣೆ" ಎಂದಳು. "ಒಬ್ರು 'ನೀವ್ ಯಾರು' ಅಂದ್ರು. ಕಂಪ್ಯೂಟ್ರು ಕರಿಯಣ್ಣನ ಹೆಂಡ್ತಿ ಅಂದೆ. ಎಲ್ರೂ ಅಳಿಸ್ರಿ ಅಂದ್ರು. ಅಳಿಸಾಕೆ ನಂಗೆಲ್ಲಿ ಬರ್ತೈತೆ? ಒಳ್ಳಾಗೆ ಹಾಕಿ ಒನಕೇಲಿ ಜಜ್ಜಿದೆ."

ನಾನೂ ಒಂದು ಹಿಡಿ ಹುಣಸೆಹಣ್ಣು ತೆಗೆದುಕೊಂಡು ಬೀಜ ಬಿಡಿಸತೊಡಗಿದೆ. ಬಿಡಿಸುತ್ತಲೇ ಕೇಳಿದೆ.

"ಅತ್ತಿಗೆ, ಅವನಿಗೆ ಗೊತ್ತಿತ್ತಾ?"

ಅವಳ ಕೈ ನಿಲ್ಲಲಿಲ್ಲ. "ಗೊತ್ತಿತ್ತು. ಬೆಂಗ್ಳೂರಿಗೆ ಹೋಗಿ ಎದೆ ತೋರ್ಸು ಅಂದಿದ್ರು ಡಾಕ್ಟ್ರು. ಬ್ಯಾಸಿಗೆ ಕಳೀಲಿ ಅಂತಿದ್ರು ಇವ್ರು. ಚೀಟಿನೆಲ್ಲ ಮನ್ಯಾಗೆ ಇಟ್ರೆ ನಾನು ಜಗಳ ತೆಗಿತೀನಿ ಅಂತ ನಿನ್ನ ಅಂಗಡೀಗೆ ತರ್ತಿದ್ರು."

"ನಂಗ್ಯಾಕೆ ಹೇಳಲಿಲ್ಲ?"

"ನಾನೂ ಕೇಳ್ದೆ. ಪುಟ್ಟಿಗೆ ಹೇಳಿದ್ರೆ ಅಂಗಡಿ ಬಾಗ್ಲು ಹಾಕ್ಕಂಡು ಬಂದು ಇಲ್ಲೇ ಕುಂತ್ಕಂತಾಳೆ ಅಂದ್ರು."

ನಿಜ. ಹಾಗೆಯೇ ಮಾಡುತ್ತಿದ್ದೆ. ಬಂದು ಕುಳಿತುಕೊಳ್ಳುತ್ತಿದ್ದೆ, ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ. ಅದಕ್ಕೇ ಹೇಳಲಿಲ್ಲ.

"ಆ ಚೀಟಿ ಎಲ್ಲ ಅದ್ರಾಗೆ ಅವೆ ಅತ್ತಿಗೆ. ಇನ್ನೂ ಏನೇನೋ ಅವೆ, ಅರ್ಧ ಡಿಸ್ಕು ತುಂಬೈತೆ. ತೆಗೆದು ನೋಡ್ಲಾ?"

"ಇನ್ನೊಬ್ರದ್ದು ಅವ್ರು ಯಾವತ್ತಾದ್ರೂ ತೆಗೆದು ನೋಡಿದ್ರಾ?"

"ಇಲ್ಲ."

"ಮತ್ತೆ ಇಷ್ಟ್ ದೂರ ಯಾಕ್ ಬಂದೆ?"

"ಕೇಳಿ ಅಳಿಸ್ಬೇಕಲ್ಲ."

ಅವಳು ಒಂದು ಹಣ್ಣನ್ನು ಬೀಜ ಹೋದ ಮೇಲೂ ಹಿಚುಕುತ್ತಲೇ ಇದ್ದಳು. ಆಮೇಲೆ ಮೊರ ಎತ್ತಿಕೊಂಡು ಎದ್ದು, ನನ್ನ ಕಡೆ ನೋಡದೆ ಒಳಗೆ ಹೋಗುತ್ತಾ, "ಅಳಿಸವ್ವ" ಎಂದಳು.

ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಅಳಿಸಿದೆ. ಖಾತೆಯನ್ನೂ ಅದರಲ್ಲಿರುವುದನ್ನೂ ಅಳಿಸಬೇಕೆ ಎಂದು ಒಂದೇ ಸಲ ಕೇಳಿತು. ಹೌದು ಎಂದು ಒತ್ತಿದೆ. ಬಹಳ ಹೊತ್ತು ತೆಗೆದುಕೊಳ್ಳುತ್ತದೆ ಎಂದುಕೊಂಡಿದ್ದೆ. ಎರಡು ನಿಮಿಷವೂ ಹಿಡಿಯಲಿಲ್ಲ.

ಸೋಮವಾರ ಬೆಳಿಗ್ಗೆ ಎಂದಿನಂತೆ ಸ್ವಿಚ್ ಒತ್ತಿ, ಹೆಸರುಗಳು ಬರಲಿ ಎಂದು ಕಾದೆ. ಬರಲಿಲ್ಲ. ಒಂದೇ ಹೆಸರು ಉಳಿದು, ಅದಕ್ಕೆ ಬೀಗವೂ ಇಲ್ಲದಿದ್ದರೆ ಯಾರೆಂದು ಕೇಳುವುದಿಲ್ಲವಂತೆ. ನನ್ನನ್ನು ನೇರವಾಗಿ ಒಳಗೆ ಬಿಟ್ಟಿತು.